ಹುಟ್ಟುಹಬ್ಬದೊಳಗೆ ಬಂದುಬಿಡು ಕಂದ

ಮಗುವಿಗೆ ಅಮ್ಮ ಎಷ್ಟು ದಿನ ಬೇಕು? ಅಜ್ಜಿಯನ್ನು ಕೇಳಿದರೆ ಬೈಸಿಕೊಳ್ಳುತ್ತೀರಿ. ಸೇನೆಯ ರಜೆ ನಿಯಮವನ್ನು ಕೇಳಿ, ಅದರ ಲೆಕ್ಕ ಚೊಕ್ಕ. ದತ್ತು ಬಂದ ಮಗುವಿಗೆ ವರ್ಷ ತುಂಬಿರದಿದ್ದರೆ ಅಮ್ಮನಿಗೆ 180 ದಿನ ರಜೆ, ಪೂರ್ತಿ ಸಂಬಳ. ವರ್ಷ ತುಂಬಿ ಒಂದೇ ದಿನ ಆಗಿದ್ದರೂ ಆ ರಜೆ ಇಲ್ಲ.

2023ರ ನವೆಂಬರ್‌ವರೆಗೆ ಇನ್ನೂ ಮಜಾ ಇತ್ತು. ಆ ರಜೆ ಮಹಿಳಾ ಅಧಿಕಾರಿಗಳಿಗೆ ಮಾತ್ರ. 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ತರಬೇತಿ ಮುಗಿಸಿದ ಸೇನಾ ಪೊಲೀಸ್ ದಳದ 83 ಮಹಿಳಾ ಸಿಪಾಯಿಗಳು ಲೆಕ್ಕಕ್ಕಿರಲಿಲ್ಲ. ಮೇಜರ್ ಮೇಡಂ ಮನೆಗೆ ಬಂದ ಕೂಸು ರಾತ್ರಿ ಅಳುತ್ತದೆ, ಸಿಪಾಯಿ ಮನೆಗೆ ಬಂದದ್ದು ಸಾವಧಾನ್ ಸ್ಥಿತಿಯಲ್ಲಿ ಮಲಗುತ್ತದೆ ಎಂದು ಭಾವಿಸಿದ್ದರೇನೋ. ಕೊನೆಗೆ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಎಲ್ಲ ರ್‍ಯಾಂಕಿಗೂ ಒಂದೇ ರಜೆ ಎಂದು ಒಪ್ಪಿಗೆ ಕೊಟ್ಟರು. ಒಳ್ಳೆಯದೇ ಆಯಿತು, ಸುಮ್ನೆ ಕೊಂಕು ಬೇಡ.

ಆದರೆ ಆ ಒಂದು ವರ್ಷದ ಗೆರೆ ಹಾಗೇ ಉಳಿಯಿತು. ದತ್ತು ಕೇಳಿ ಹೆಸರು ಬರೆಸಿದವರು ಮೂರು ವರ್ಷಕ್ಕೂ ಜಾಸ್ತಿ ಕಾಯುವ ದೇಶ ಇದು. ಅತ್ತ ಸಿಕ್ಕ ಮಗುವಿನ ಕಡತ ಮಕ್ಕಳ ಕಲ್ಯಾಣ ಸಮಿತಿಯಿಂದ ಜಿಲ್ಲಾಧಿಕಾರಿಯವರೆಗೆ ನಡೆದುಕೊಂಡು ಬರಬೇಕು. ಕಡತಕ್ಕಿಂತ ಮೊದಲು ಮಗುವೇ ನಡೆಯಲು ಕಲಿಯುತ್ತದೆ.

ಒಂದು ದೃಶ್ಯ ಊಹಿಸಿ. ಹದಿಮೂರು ತಿಂಗಳ ಪುಟ್ಟಿ ಹೆಡ್ ಕ್ಲರ್ಕ್ ಮೇಜಿನ ಕಾಲು ಹಿಡಿದು ನಿಂತಿದ್ದಾಳೆ. ಬಾಯಲ್ಲಿ ಆಫೀಸಿನ ಸೀಲು. ತುಟಿಯೆಲ್ಲ ನೇರಳೆ ಮಸಿ.

“ನೋಡಮ್ಮ, ಇವಳಿಗೆ ವಯಸ್ಸಾಯ್ತು.”

“ಸಾಬ್, ನಾವು ಅರ್ಜಿ ಹಾಕಿದಾಗ ಇವಳು ಹುಟ್ಟೇ ಇರಲಿಲ್ಲ.”

“ಅದು ಬೇರೆ ಇಲಾಖೆ. ನಿನಗೆ ಶಿಶುಪಾಲನಾ ರಜೆ ಇದೆಯಲ್ಲ, ಇಡೀ ಸರ್ವೀಸಿಗೆ 360 ದಿನ? ಅದರಲ್ಲೇ ಕಳಿ.”

ಕಳೆಯಬಹುದು. ಮುಂದೆ ಪುಟ್ಟಿಗೆ ಬರುವ ಜ್ವರ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಎಲ್ಲದಕ್ಕೂ ಇರುವುದು ಅದೇ ಗಂಟು. ಹೆತ್ತವಳಿಗೆ ಹೆರಿಗೆ ರಜೆ ಬೇರೆ, ಈ ಗಂಟು ಬೇರೆ. ಇವಳಿಗೆ ಮಾತ್ರ ಮೊದಲ ದಿನದಿಂದಲೇ ಗಂಟು ಕರಗುತ್ತದೆ.

ನಾಲ್ಕು ವರ್ಷದ ಮಗುವನ್ನು ತಂದವರ ಪಾಡಂತೂ ಕೇಳಲೇಬೇಡಿ. ಎರಡು ಮೂರು ಕಡೆ ಬೆಳೆದು ಬಂದ ಮಗು ಊಟದ ಹೊತ್ತಿಗೆ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ. ನಾಳೆಯೂ ಸಿಗುತ್ತದೆ ಎಂದು ಅದಕ್ಕೆ ನಂಬಿಕೆ ಬರಲು ತಿಂಗಳುಗಳೇ ಬೇಕು. ಆದರೆ ಹಲ್ಲು ಬಂದಿದೆಯಲ್ಲ, ಇನ್ನು ಅಮ್ಮ ಯಾಕೆ?

ಈಗ ಅಗ್ನಿವೀರರ ವಿಷಯ. ಸಿಪಾಯಿಯಾಗಲು ಹುಡುಗಿಯರಿಗೆ ಇವತ್ತು ಇರುವುದು ಅದೊಂದೇ ಬಾಗಿಲು. ಸೇರುವ ವಯಸ್ಸು ಹದಿನೇಳೂವರೆಯಿಂದ 21ರ ಆಸುಪಾಸು, ಸೇವೆ ನಾಲ್ಕು ವರ್ಷ, ಅಷ್ಟೂ ದಿನ ಮದುವೆ ಆಗುವಂತಿಲ್ಲ. ಮದುವೆಯಾಗದ ಹೆಣ್ಣೂ ದತ್ತು ತೆಗೆದುಕೊಳ್ಳಬಹುದಲ್ವಾ ಎಂದಿರಾ? ಖಂಡಿತ. ಆದರೆ ಮಗುವಿಗೂ ಅವಳಿಗೂ ಕನಿಷ್ಠ 25 ವರ್ಷದ ಅಂತರ ಬೇಕು. ಅಂದರೆ ತೊಟ್ಟಿಲ ಕೂಸನ್ನು ತರುವ ಅರ್ಹತೆ ಬರುವ ಹೊತ್ತಿಗೆ ನಾಲ್ವರಲ್ಲಿ ಮೂವರು ಕಾಯಂ ಆಗದೆ ಸಮವಸ್ತ್ರ ಕಳಚಿಟ್ಟು ರೈಲು ಹತ್ತಿರುತ್ತಾರೆ. ಆಮೇಲೆ ಅರ್ಜಿಯೂ ಬೇಡ, ಸಾಬ್‌ನ ಸೀಲೂ ಬೇಡ. ದಿನಾ ಛುಟ್ಟಿ, ಸಂಬಳ ಮಾತ್ರ ಇಲ್ಲ.