ಗೋಡೆಯ ಮೇಲೆ ಸ್ವಂತ ಹೆಸರು

ನಮ್ಮ ಕಡೆ ಗೋಡೆಯ ಮೇಲೆ ಚಿತ್ರ ಬರೆಯಲು ಹೊರಟವನಿಗೆ ಎದುರಾಗುವ ಮೊದಲ ಪ್ರಶ್ನೆ, ‘ಇದರಿಂದ ಏನು ಉಪಯೋಗ?’ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನೆಲೆಸಿರುವ ನನಗೆ ಊರಿಗೂ ಇಲ್ಲಿಗೂ ಇರುವ ಅಂತರ ಈ ಒಂದು ಪ್ರಶ್ನೆಯಲ್ಲೇ ಕಾಣುತ್ತದೆ. ಇಲ್ಲಿ ಗ್ರಾಫಿಟಿ, ಅಂದರೆ ಗೋಡೆಬರಹ, ಶುರು ಮಾಡಿದ ಮಕ್ಕಳು ಉಪಯೋಗದ ಮಾತನ್ನೇ ಎತ್ತಲಿಲ್ಲ. ಅವರು ಗೋಡೆಗಳ ಮೇಲೆ ಬರೆದದ್ದು ತಮ್ಮ ಹೆಸರನ್ನು.

1971ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ನಗರದ ತುಂಬ ಕಾಣಿಸುತ್ತಿದ್ದ ‘ಟಾಕಿ 183’ ಎಂಬ ಸಹಿಯ ಜಾಡು ಹಿಡಿದು ವರದಿ ಪ್ರಕಟಿಸಿತು. ಟಾಕಿ ಗ್ರೀಕ್ ಮೂಲದ ಹುಡುಗ, ಮ್ಯಾನ್‌ಹಟನ್ನಿನ 183ನೇ ಬೀದಿಯವನು. ಪತ್ರ, ಪೊಟ್ಟಣ ತಲುಪಿಸುವ ಕೆಲಸಕ್ಕೆ ಊರೆಲ್ಲ ಅಲೆಯುತ್ತ, ಹೋದಲ್ಲೆಲ್ಲ ಮಾರ್ಕರ್‌ನಿಂದ ಸಹಿ ಹಾಕುತ್ತಿದ್ದ. ಮುಂದಿನ ವರ್ಷಗಳಲ್ಲಿ ಸಹಿಗಳು ಬೆಳೆದು ರೈಲುಬೋಗಿಯ ಉದ್ದಕ್ಕೂ ಹರಡಿದವು. ನಗರವೇ ದಿವಾಳಿಯ ಅಂಚಿಗೆ ಬಂದಿದ್ದ ಕಾಲ ಅದು. ಬಡ ಬಡಾವಣೆಗಳ ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದ ಆಚೆ ಎಲ್ಲೂ ಕಾಣುತ್ತಿರಲಿಲ್ಲ. ಈಕ್ವೆಡಾರ್‌ನಲ್ಲಿ ಹುಟ್ಟಿ ಕ್ವೀನ್ಸ್‌ನಲ್ಲಿ ಬೆಳೆದ ಲೇಡಿ ಪಿಂಕ್ 1979ರಲ್ಲಿ ಬರೆಯಲು ತೊಡಗಿದಾಗ ಹದಿಹರೆಯದ ಹುಡುಗಿ. ರೈಲು ನಿಲ್ಲಿಸುವ ಯಾರ್ಡುಗಳಿಗೆ ರಾತ್ರಿ ನುಗ್ಗುವುದು ಗಂಡುಹುಡುಗರದೇ ಕೆಲಸ ಎಂದುಕೊಂಡವರ ನಡುವೆ ಆಕೆ ತನ್ನ ಹೆಸರನ್ನು ಬೋಗಿಗಳ ಮೇಲೆ ಓಡಾಡಿಸಿದರು. ಕೊನೆಗೆ 1989ರ ಮೇ ತಿಂಗಳಲ್ಲಿ ನಗರದ ರೈಲು ಆಡಳಿತ, ಬಣ್ಣ ಬಳಿದ ಒಂದು ಬೋಗಿಯೂ ಇನ್ನು ಓಡುತ್ತಿಲ್ಲ ಎಂದು ಘೋಷಿಸಿತು.

ಇವರು ತಮ್ಮನ್ನು ಕಲಾವಿದರು ಎಂದು ಕರೆದುಕೊಳ್ಳಲಿಲ್ಲ, ‘ರೈಟರ್’ ಎಂದುಕೊಂಡರು. ಕಾನೂನು ಮುರಿದವರಲ್ಲೂ ತಮ್ಮದೇ ಕಟ್ಟುನಿಟ್ಟು ಇತ್ತು. ಇನ್ನೊಬ್ಬನ ಅಕ್ಷರದ ಶೈಲಿಯನ್ನು ಕದ್ದರೆ ಅದು ‘ಬೈಟಿಂಗ್’, ದೊಡ್ಡ ಅವಮಾನ. ಕೈ ಪಳಗದವನು ‘ಟಾಯ್’. ಗೋಡೆ ಮುಟ್ಟುವ ಮುನ್ನ ‘ಬ್ಲ್ಯಾಕ್ ಬುಕ್’ ಎಂಬ ರೇಖಾಚಿತ್ರದ ಪುಸ್ತಕದಲ್ಲಿ ಅದೇ ನಾಲ್ಕೈದು ಅಕ್ಷರಗಳನ್ನು ಹಾಳೆಗಟ್ಟಲೆ ತಿದ್ದಬೇಕು. ಗೋಡೆಯ ಶೈಲಿ ಮೈಮೇಲೂ ಬಂತು. ಡೆನಿಮ್ ಜಾಕೆಟ್ಟಿನ ಬೆನ್ನಿಗೆ ಬಣ್ಣದಲ್ಲಿ ಅದೇ ಹೆಸರು, ಬೆಲ್ಟಿನ ಬಕಲ್ಲಿನಲ್ಲಿ ಲೋಹದಲ್ಲಿ ಕೊರೆದ ಅದೇ ಹೆಸರು. ಇದನ್ನು ಬರೀ ಶೋಕಿ ಎನ್ನುವವರೊಡನೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಬೇರೆಯವರ ಹಾಗೆ ಬರೆಯಬಾರದು ಎಂಬ ಪಣ ತೊಟ್ಟು ವರ್ಷಗಟ್ಟಲೆ ಒಂದೇ ಅಕ್ಷರದ ಬೆನ್ನು ಬೀಳುವುದು ತಪಸ್ಸಿಗೆ ಕಡಿಮೆಯದಲ್ಲ.

ಕ್ವೀನ್ಸ್‌ನ ಅಸ್ಟೋರಿಯಾ ಬಡಾವಣೆಯ ವೆಲ್ಲಿಂಗ್ ಕೋರ್ಟ್ ಎಂಬ ಬೀದಿಯ ಸುತ್ತ ಮನೆಯವರೇ ಒಪ್ಪಿಗೆ ಕೊಟ್ಟ ಗೋಡೆಗಳಿವೆ. ಅಲ್ಲಿ ಒಬ್ಬ ಬರೆಯುವುದನ್ನು ನಿಂತು ನೋಡಿದ್ದೇನೆ. ಸ್ಪ್ರೇ ಬಣ್ಣದ ಡಬ್ಬಿ ಅಲುಗಿಸಿದಾಗ ಒಳಗಿನ ಗುಂಡು ಕಟಕಟ ಎನ್ನುತ್ತದೆ. ಮೊದಲು ತೆಳುಬಣ್ಣದಲ್ಲಿ ಹೊರಗೆರೆ, ಆಮೇಲೆ ಒಳತುಂಬು, ಆಮೇಲೆ ಹಿನ್ನೆಲೆ. ಕಡೆಯ ಗೆರೆಗೆ ಡಬ್ಬಿಯ ಮೂತಿ ಬದಲಿಸಿ, ರಟ್ಟಿನ ಚೂರಿನ ಮೇಲೆ ಒಮ್ಮೆ ಚಿಮ್ಮಿಸಿ ನೋಡಿ, ಭುಜದಿಂದ ತೋಳನ್ನು ಬೀಸಿ ಎಲ್ಲೂ ನಿಲ್ಲಿಸದೆ ಎಳೆದ. ನಿಧಾನಿಸಿದರೆ ಬಣ್ಣ ಸೋರುತ್ತದೆ. ಮೂಲೆಯಲ್ಲಿ, ತೀರಿಕೊಂಡ ಗೆಳೆಯನ ಹೆಸರನ್ನು ಪುಟ್ಟದಾಗಿ ಬರೆದ.

ಕ್ವೀನ್ಸ್‌ನವರು ಇವತ್ತಿಗೂ ಸಂಕಟದಿಂದ ನೆನೆಯುವುದು ‘ಫೈವ್ ಪಾಯಿಂಟ್ಜ್’ ಕಟ್ಟಡವನ್ನು. ಲಾಂಗ್ ಐಲೆಂಡ್ ಸಿಟಿಯಲ್ಲಿ 7ನೇ ನಂಬರ್ ರೈಲು ಎತ್ತರದ ಹಳಿಯ ಮೇಲೆ ತಿರುಗುವಲ್ಲಿ ಇದ್ದ ಹಳೆಯ ಕಾರ್ಖಾನೆ ಅದು. 2002ರಿಂದ ಅದರ ಉಸ್ತುವಾರಿ ಹೊತ್ತ ಮೆರೆಸ್ ವನ್ ಕೂಡ ಒಬ್ಬ ರೈಟರ್. ಯಾರಿಗೆ ಯಾವ ಗೋಡೆ, ಯಾವುದು ಕೆಲವೇ ದಿನ ಉಳಿಯುವ ಜಾಗ, ಯಾವುದು ಬಹುಕಾಲ ಉಳಿಯಬೇಕಾದ್ದು ಎಂದು ತೀರ್ಮಾನಿಸುತ್ತಿದ್ದವರು ಅವರೇ. ಏನು ಬರೆಯಬೇಕು ಎಂದು ಯಾರೂ ಹೇಳುತ್ತಿರಲಿಲ್ಲ. ಕೈ ಪಳಗಿರಬೇಕು, ಅಷ್ಟೇ. ಬೇರೆ ಬೇರೆ ದೇಶಗಳಿಂದ ಬಂದವರು ಅಲ್ಲಿ ಹೆಸರು ಬರೆದು ಹೋದರು. 2013ರ ನವೆಂಬರ್‌ನ ಒಂದು ರಾತ್ರಿ ಮಾಲೀಕರು ಎಲ್ಲದರ ಮೇಲೂ ಬಿಳಿ ಬಣ್ಣ ಬಳಿಸಿದರು. ಕಟ್ಟಡ ನೆಲಕ್ಕುರುಳಿದ್ದು ಮರುವರ್ಷ. ಅಲ್ಲಿ ಈಗ ವಸತಿ ಗೋಪುರಗಳಿವೆ.

21 ಕಲಾವಿದರು ನ್ಯಾಯಾಲಯಕ್ಕೆ ಹೋದರು. ಮಾನ್ಯತೆ ಪಡೆದ ಕಲಾಕೃತಿಯನ್ನು ನಾಶ ಮಾಡದಂತೆ ತಡೆಯುವ 1990ರ ಅಮೆರಿಕದ ಕಾಯಿದೆ ಅವರ ನೆರವಿಗೆ ಬಂತು. 2018ರಲ್ಲಿ ನ್ಯಾಯಾಧೀಶರು 45 ಕೃತಿಗಳಿಗೆ ತಲಾ ಒಂದೂವರೆ ಲಕ್ಷ ಡಾಲರಿನಂತೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಒಂದು ಕಾಲಕ್ಕೆ ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಿದ್ದ ಕೈಬರಹಕ್ಕೆ ಅದೇ ನಗರದ ನ್ಯಾಯಾಲಯ ಕಲೆಯ ಸ್ಥಾನ ಕೊಟ್ಟಿತು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಬಡವಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಹಾಕಿದ್ದಕ್ಕೆ, 2005ರಲ್ಲಿ ದೆಹಲಿ ಹೈಕೋರ್ಟ್ ಸರ್ಕಾರದಿಂದಲೇ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೊರತೆ ಇರುವುದು ನಮ್ಮ ಮನೋಭಾವದಲ್ಲಿ. 2009ರ ಸುಮಾರಿಗೆ ಬೆಂಗಳೂರಿನ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಪೋಸ್ಟರ್ ಅಂಟಿಸುವುದು, ಮೂತ್ರ ಮಾಡುವುದು ನಿಲ್ಲಲಿ ಎಂಬುದು ಉದ್ದೇಶ. ಹಂಪಿಯ ಕಲ್ಲಿನ ರಥ, ಯಕ್ಷಗಾನದ ವೇಷ, ಕಾಡುಪ್ರಾಣಿಗಳು ಬಂದವು. ಬರೆದವರಲ್ಲಿ ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಸಿನಿಮಾ ಬ್ಯಾನರ್ ಕಲಾವಿದರಿದ್ದರು. ಕೈಯಲ್ಲಿ ಅಷ್ಟು ವಿದ್ಯೆ ಇದ್ದವರಿಗೆ ತಮ್ಮದೇ ಕಲ್ಪನೆಯದನ್ನು ಬರೆಯುವ ಅವಕಾಶ ಸಿಗಲಿಲ್ಲ.

ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರನ್ನು ಇಡೀ ನಾಡು ಮೆಚ್ಚಿತು. 2015ರಲ್ಲಿ ರಸ್ತೆಗುಂಡಿಯ ನೀರಿನಲ್ಲಿ ತಾವೇ ಮಾಡಿದ ಮೊಸಳೆ ಬಿಟ್ಟರು, 2019ರಲ್ಲಿ ಹೊಂಡಗಳ ನಡುವೆ ಗಗನಯಾತ್ರಿಯ ವೇಷ ತೊಟ್ಟವನನ್ನು ನಡೆಸಿದರು. ನನಗೂ ಅವರ ಮೇಲೆ ಬಹಳ ಅಭಿಮಾನವಿದೆ. ಆದರೆ ನಾವು ಚಪ್ಪಾಳೆ ತಟ್ಟಿದ್ದು ಗುಂಡಿ ಮುಚ್ಚಿತು ಎಂಬುದಕ್ಕೋ, ಆ ಮೊಸಳೆಯ ಮೈಮೇಲಿನ ಕೈಚಳಕಕ್ಕೋ? 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್ ಈ ಪ್ರಶ್ನೆಯನ್ನು ದಾಟಿದೆ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಗಾಢ ಬಣ್ಣಗಳ ದೊಡ್ಡ ದೊಡ್ಡ ಮುಖಗಳನ್ನು ನಡುಬೀದಿಯ ಗೋಡೆಗಳ ಮೇಲೆ ತಾವೇ ಬರೆಯುತ್ತಾರೆ. ಜನ ಕಣ್ಣು ತಪ್ಪಿಸುವವರು ಜನರ ಕಣ್ಣಿಗೆ ಎದುರಾಗಿ ನಿಲ್ಲುತ್ತಾರೆ. ನ್ಯೂಯಾರ್ಕಿನ ಮಕ್ಕಳು ಮಾಡಿದ್ದೂ ಇದನ್ನೇ.

ಅಂಗಡಿಯವನು ಸಾಲ ಮಾಡಿ ಹಾಕಿಸಿದ ಷಟರ್ ಮೇಲೆ ರಾತ್ರೋರಾತ್ರಿ ಗೀಚುವುದನ್ನು ನಾನು ಬೆಂಬಲಿಸುವುದಿಲ್ಲ. ನನ್ನ ಆಸೆ ಫೈವ್ ಪಾಯಿಂಟ್ಜ್‌ನಂಥ ಜಾಗ: ಒಪ್ಪಿಗೆ ಇದ್ದು ವಿಷಯದ ಕಟ್ಟಳೆ ಇಲ್ಲದ ಗೋಡೆ. ಅಲ್ಲಿ ಕನ್ನಡದ ಅಕ್ಷರ ಏನೆಲ್ಲ ಆಗಬಹುದು! ಬಾಣಗಳನ್ನು ಹೆಣೆದು ಓದಲಾಗದಷ್ಟು ಸಿಕ್ಕಾಗಿಸುವ ‘ವೈಲ್ಡ್ ಸ್ಟೈಲ್’ ಅಕ್ಷರ ನ್ಯೂಯಾರ್ಕಿನವರ ಹೆಮ್ಮೆ. ಅವರು ಹೊರಗಿನಿಂದ ತಂದು ಸೇರಿಸುವ ಬಾಲ, ಕೊಕ್ಕೆ, ಸುರುಳಿ ನಮಗೆ ತಲೆಕಟ್ಟಿನಲ್ಲಿ, ಕೊಂಬಿನಲ್ಲಿ, ಒತ್ತಕ್ಷರದಲ್ಲಿ ಆಗಲೇ ಇವೆ. ಆಟೋಗಳ ಹಿಂದೆ ‘ತಾಯಿಯ ಆಶೀರ್ವಾದ’ ಬರೆದು ನೆರಳು ಕೊಟ್ಟ ಕೈಗಳಿಗೆ ಇದು ಗೊತ್ತು. ಮಕ್ಕಳ ಹೆಸರನ್ನು ಹಳದಿ, ಕೆಂಪಿನಲ್ಲಿ ಬರೆಸಿಕೊಂಡು ಓಡಾಡುವ ಚಾಲಕನಿಗೂ ಗೊತ್ತು.

ಬೆಂಗಳೂರಿನಲ್ಲಿ ಮೆಟ್ರೊ ಕಂಬಗಳೂ ಮೇಲ್ಸೇತುವೆಯ ಅಡಿಗಳೂ ಬೇಕಾದಷ್ಟಿವೆ. ಅಧಿಕಾರಿಗಳ ಸಮಿತಿಗಿಂತ ಮೆರೆಸ್‌ನಂಥ ಒಬ್ಬರು, ಕೆಲಸ ಬಲ್ಲ ಒಬ್ಬರು, ಉಸ್ತುವಾರಿಗೆ ಸಿಕ್ಕರೆ ಒಳ್ಳೆಯದು. ಮೊದಲ ಸರದಿಯನ್ನು ಕುಂಚ ಮೂಲೆಗಿಟ್ಟಿರುವ ಹಳೆಯ ಬೋರ್ಡ್ ಕಲಾವಿದರಿಗೇ ಕೊಡಬೇಕು. ಸಾವಿರಾರು ಅಂಗಡಿಗಳ ಹೆಸರು ಬರೆದ ಅವರು ಬೋರ್ಡಿನ ಕೆಳಮೂಲೆಯಲ್ಲಿ ಬೆರಳುದ್ದ ಜಾಗದಲ್ಲಿ ಸಹಿ ಹಾಕುತ್ತ ಬಂದವರು. ಈ ಸಲ ಇಡೀ ಗೋಡೆ ಅವರ ಹೆಸರಿಗೇ ಇರಲಿ.