ಕೈಗೆಟುಕದ ಸೈಕಲ್ಲು, ಕಾಲಿಗೆಟುಕದ ನೆಲ

‘ತುದಿಗಾಲಲ್ಲಿ ನಿಲ್ಲು’ ಎಂಬ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಶಾಲೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದರು. ಈಗ ಕೇಳಿದರೆ ನನ್ನ ಹತ್ತಿರ ಅಪ್ಪಟ ಸ್ವಂತ ವಾಕ್ಯವೇ ಇದೆ: ನಾನು ಗುಡ್ಡದಿಂದ ಇಳಿಸುವ ಡೌನ್‌ಹಿಲ್ ಸೈಕಲ್ ಕೊಳ್ಳಲು ಹೋದಾಗ ಮುಕ್ಕಾಲು ಗಂಟೆ ತುದಿಗಾಲಲ್ಲಿ ನಿಂತಿದ್ದೆ. ಕಾತರವೇನೂ ಇರಲಿಲ್ಲ. ಸೈಕಲ್ಲಿನ ಮೇಲಿನ ಅಡ್ಡ ಪೈಪು ತಾಗಬಾರದ ಜಾಗಕ್ಕೆ ತಾಗದಿರಲಿ ಎಂಬ ಮುಂಜಾಗ್ರತೆ, ಅಷ್ಟೇ.

“ಇದು ಸ್ಮಾಲಾ?” ಎಂದೆ.

“ಸ್ಮಾಲೇ ಸಾರ್. ಮೀಡಿಯಮ್ಮಿಗೂ ಇದಕ್ಕೂ ಹೆಚ್ಚೇನೂ ಡಿಫರೆನ್ಸ್ ಇಲ್ಲ” ಎಂದ ಅಂಗಡಿಯ ಹುಡುಗ, ಅದು ಹೊಗಳಿಕೆ ಎಂಬಂತೆ.

“ನೆಲ ಸಿಗ್ತಿಲ್ವಲ್ಲಪ್ಪ?”

“ಓಡಿಸ್ತಾ ಓಡಿಸ್ತಾ ಒಗ್ಗಿಕೊಳ್ಳುತ್ತೆ ಸಾರ್.”

ಯಾವುದು ಯಾವುದಕ್ಕೆ ಒಗ್ಗಿಕೊಳ್ಳುತ್ತೆ ಎಂದು ಅವನು ಹೇಳಲಿಲ್ಲ. ಚಪ್ಪಲಿ ಅಂಗಡಿಯಲ್ಲಿ ಈ ಮಾತು ಕೇಳಿದ್ದೇನೆ, ಅಲ್ಲಿ ಅದಕ್ಕೊಂದು ಅರ್ಥವೂ ಇದೆ, ಚರ್ಮ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಫ್ರೇಮು ಓಡಿಸುತ್ತಾ ಓಡಿಸುತ್ತಾ ಗಿಡ್ಡವಾದದ್ದನ್ನು ನಾನು ಕಂಡಿಲ್ಲ. ನಲವತ್ತು ದಾಟಿದ ಗಂಡಸು ಉದ್ದವಾದದ್ದನ್ನಂತೂ ಮೊದಲೇ ಕಂಡಿಲ್ಲ.

ನನ್ನ ಎತ್ತರ 155 ಸೆಂಟಿಮೀಟರ್, ತೂಕ 50 ಕೆ.ಜಿ. ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲಾಗದೆ ಪಕ್ಕದವರ ಹೆಗಲು ಹಿಡಿದು ಬೆಳೆದ ಜೀವ. ಆದರೆ ಗುಡ್ಡ ಇಳಿಯುವುದಕ್ಕೆ ಎತ್ತರ ಯಾಕೆ ಬೇಕು? ಈ ಆಟದಲ್ಲಿ ಎಂಜಿನ್ ಕೆಲಸ ಮಾಡುವುದು ಗುರುತ್ವಾಕರ್ಷಣೆ. ಅದು ಯಾರ ಎತ್ತರವನ್ನೂ ಕೇಳಿ ಎಳೆಯುವುದಿಲ್ಲ. ಕೇಳುವುದು ಕ್ಯಾಟಲಾಗು.

ಆ ಕ್ಯಾಟಲಾಗಿನ ಅಳತೆ ಪಟ್ಟಿಯನ್ನು ನಾನು ಜಾತಕದಂತೆ ಓದಿದ್ದೇನೆ. ಸ್ಮಾಲ್ ಎಂಬ ಸಾಲಿನ ಎದುರು ನನಗಿಂತ ಐದಾರು ಸೆಂಟಿಮೀಟರ್ ಎತ್ತರದವರ ಲೆಕ್ಕ. ಅದರ ಮೇಲೆ ಎಕ್ಸ್‌ಎಸ್ ಎಂಬ ಸಾಲು ಇರಬೇಕಾದ ಕಡೆ ಬಿಳಿ ಕಾಗದ. ಆ ಬಿಳಿ ಕಾಗದದಲ್ಲಿ ನಾನಿದ್ದೇನೆ. ಅತ್ತ ಲಾರ್ಜ್ ಆದಮೇಲೆ ಎಕ್ಸ್‌ಎಲ್, ಅದಾದಮೇಲೆ ಕೆಲವರಲ್ಲಿ ಡಬಲ್ ಎಕ್ಸ್‌ಎಲ್ಲೂ ಉಂಟು. ಮನುಷ್ಯಕುಲ ಒಂದೇ ದಿಕ್ಕಿಗೆ ಬೆಳೆಯುತ್ತದೆ ಎಂದು ಇವರಿಗೆ ಯಾರೋ ಹೇಳಿಬಿಟ್ಟಿದ್ದಾರೆ.

ಇದರಲ್ಲಿ ‘ರೀಚ್’ ಎಂಬುದೊಂದು ಅಳತೆಯಿದೆ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ನೆತ್ತಿಯವರೆಗೆ ಅಡ್ಡಡ್ಡ ಇರುವ ದೂರ. ಡೌನ್‌ಹಿಲ್ ಓಡಿಸುವವರು ಸೀಟಿನ ಮೇಲೆ ಕೂರುವುದು ಕಡಿಮೆ. ಇಳಿಜಾರಿನುದ್ದಕ್ಕೂ ಪೆಡಲ್ ಮೇಲೆ ನಿಂತು, ಮೊಣಕೈ ಹೊರಕ್ಕೆ ಮಡಚಿ, ಸೊಂಟ ಹಿಂದಕ್ಕೆ ತಳ್ಳಿಕೊಂಡೇ ಇರಬೇಕು. ಹಾಗಾಗಿ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎನ್ನುವುದಕ್ಕಿಂತ ಈ ರೀಚ್ ಮುಖ್ಯ. ಅದು ಅತಿಯಾದರೆ ಮೊಣಕೈ ನೆಟ್ಟಗಾಗುತ್ತದೆ. ಆಮೇಲೆ ನೀವು ಸೈಕಲ್ ಓಡಿಸುತ್ತಿಲ್ಲ, ಹಗ್ಗಕ್ಕೆ ಜೋತುಬಿದ್ದ ಬಟ್ಟೆಯ ಹಾಗೆ ಅದರ ಜೊತೆ ಹೋಗುತ್ತಿದ್ದೀರಿ. ಹತ್ತು ಹದಿನೈದು ವರ್ಷದ ಹಿಂದೆ ಲಾರ್ಜ್ ಎಂದು ಮಾರಿದ ಹಲವು ಸೈಕಲ್ಲುಗಳ ರೀಚ್ 430 ಮಿಲಿಮೀಟರ್ ಆಸುಪಾಸಿನಲ್ಲಿತ್ತು. ಈಗ ಅದೇ ಅಳತೆಯ ಮೇಲೆ ಸ್ಮಾಲ್ ಎಂಬ ಚೀಟಿ. ವೇಗದಲ್ಲಿ ಸೈಕಲ್ ಅಲುಗಾಡದೆ ನಿಲ್ಲಲು ಉದ್ದ ಬೇಕಂತೆ, ಒಪ್ಪಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಕಾಲು ಮುಗಿದರೂ ಹಾಸಿಗೆ ಮುಗಿಯದಿದ್ದರೆ ಏನು ಮಾಡಬೇಕೆಂದು ಅವರೂ ಹೇಳಿ ಹೋಗಲಿಲ್ಲ.

ಚಕ್ರದ ಕತೆ ಇನ್ನೂ ಚೆನ್ನಾಗಿದೆ. ದಶಕಗಳ ಕಾಲ ಎಲ್ಲರೂ 26 ಇಂಚಿನ ಚಕ್ರದಲ್ಲಿ ಗುಡ್ಡ ಇಳಿದರು, ವಿಶ್ವ ಚಾಂಪಿಯನ್‌ಗಳಾದರು, ಕೈಕಾಲು ಮುರಿದುಕೊಂಡರು. ಆಮೇಲೆ ಒಂದು ದಿನ 26 ಸತ್ತಿತು ಎಂದು ಘೋಷಣೆಯಾಯಿತು. 27.5 ಬಂತು. ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ, 2017ರಲ್ಲಿ ಫ್ರಾನ್ಸಿನ ಲೂರ್ಡ್‌ನ ವಿಶ್ವಕಪ್ ಸ್ಪರ್ಧೆಗೆ ಸಾಂಟಾ ಕ್ರೂಜ್ ಎಂಬ ಸೈಕಲ್ ಕಂಪನಿಯ ತಂಡ 29 ಇಂಚಿನ ಚಕ್ರದ ಸೈಕಲ್ ತಂದಿತು. ಆಗ ಆ ತಂಡದಲ್ಲಿದ್ದ ಸವಾರ ಗ್ರೆಗ್ ಮಿನ್ನಾರ್ ಆರಡಿ ಮೀರಿದ ಆಳು. ಅವರಿಗೆ ಅದು ಒಪ್ಪುತ್ತದೆ. ಆದರೆ ಮಿನ್ನಾರ್‌ಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸುವ ಕೆಲಸ ಶುರುವಾಯಿತು. ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 26ರದ್ದು 559 ಮಿ.ಮೀ., 29ರದ್ದು 622. ಅಂದರೆ ಅದೇ ದಪ್ಪದ ಟೈರು ಹಾಕಿದರೂ ಅದರ ನೆತ್ತಿ ಸುಮಾರು ಆರು ಸೆಂಟಿಮೀಟರ್ ಮೇಲಕ್ಕೆ ಬಂತು. ನನ್ನ ಕಾಲು ಅಲ್ಲೇ ಇದೆ.

ಈ ಆರು ಸೆಂಟಿಮೀಟರ್ ಎಲ್ಲಿ ಗೊತ್ತಾಗುತ್ತದೆ ಎಂದರೆ, ಕಡಿದಾದ ಇಳಿಜಾರಿನಲ್ಲಿ ಹಿಂದಕ್ಕೆ ಜರುಗಿದಾಗ. ಸೈಕಲ್ಲಿನ ಹಿಂಬದಿ ಇಡೀ ಒಮ್ಮೆ ಮುದುಡಿ ಮೇಲೆ ಬರುತ್ತದೆ, ತಿರುಗುತ್ತಿರುವ ಟೈರು ನಿಮ್ಮ ಚಡ್ಡಿಯ ಹಿಂಭಾಗವನ್ನು ‘ಝುರ್ರ್’ ಎಂದು ಸವರಿಕೊಂಡು ಹೋಗುತ್ತದೆ. ಉದ್ದ ಕಾಲಿನವರಿಗೆ ಈ ಅನುಭವ ಅಪರೂಪ. ನಮಗೆ ದಿನನಿತ್ಯದ್ದು. ಕೊನೆಗೆ ಮುಂದೆ ದೊಡ್ಡ ಚಕ್ರ, ಹಿಂದೆ ಸಣ್ಣದು ಎಂಬ ಪರಿಹಾರ ಹೊಳೆಯಿತು. ಎರಡು ಅಳತೆಯ ಚಕ್ರ ಇರಬಾರದು ಎಂದಿದ್ದ, ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಸಿಐನ ನಿಯಮ 2019ರಲ್ಲಿ ಸಡಿಲವಾಯಿತು. ಅದಕ್ಕೆ ‘ಮಲೆಟ್’ ಎಂದು ಹೇರ್‌ಸ್ಟೈಲಿನ ಹೆಸರಿಟ್ಟು ಹೊಸ ಸಂಶೋಧನೆಯಂತೆ ಮಾರುತ್ತಿದ್ದಾರೆ. ಹಿಂದಿನ ಚಕ್ರ ಚಿಕ್ಕದಿದ್ದರೆ ಗಿಡ್ಡರಿಗೆ ಒಳ್ಳೆಯದು ಎಂದು ನಾವು ಹಿಂಭಾಗ ಸುಟ್ಟುಕೊಂಡು ಹೇಳುತ್ತಿದ್ದಾಗ ಅದು ಬರೀ ದೂರಾಗಿತ್ತು.

ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತಂದು ಓಡಿಸಿ ನೋಡೋಣ ಎಂದುಕೊಂಡೆ. ಸ್ಮಾಲ್ ಫ್ರೇಮು, ಮುಂದೆ ಹಿಂದೆ ತಲಾ 200 ಮಿಲಿಮೀಟರ್ ಸಸ್ಪೆನ್ಶನ್, ತೂಕ 17 ಕೆ.ಜಿ. ತೊಂಬತ್ತು ಕೆ.ಜಿ.ಯ ಮನುಷ್ಯನಿಗೆ ಅದು ಅವನ ತೂಕದ ಐದನೇ ಒಂದು ಪಾಲೂ ಇಲ್ಲ. ನನಗೆ ಮೂರನೇ ಒಂದು ಪಾಲು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ನಾನು ಗುಡ್ಡದ ತುದಿಯವರೆಗೆ ತಳ್ಳಿಕೊಂಡು ಹೋದೆ.

ಹಿಂದಿನ ಶಾಕ್ ಅಬ್ಸಾರ್ಬರಿಗೆ ಸುತ್ತಿದ ಸ್ಪ್ರಿಂಗಿನ ಮೇಲೆ 400 ಎಂದು ಬರೆದಿತ್ತು. ಒಂದಂಗುಲ ಅದುಮಲು 400 ಪೌಂಡ್ ಬಲ ಬೇಕು ಎಂದರ್ಥ. ಸವಾರ ಸುಮ್ಮನೆ ಹತ್ತಿ ನಿಂತಾಗಲೇ ಡೌನ್‌ಹಿಲ್ ಸೈಕಲ್ಲು ತನ್ನ ಸಸ್ಪೆನ್ಶನ್ ಮುದುಡಬಲ್ಲ ಒಟ್ಟು ದೂರದ ಸುಮಾರು ಮೂರನೇ ಒಂದು ಪಾಲು ಕುಸಿಯಬೇಕು. ಹಾಗಿದ್ದರೆ ಮಾತ್ರ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯುತ್ತದೆ. ನಾನು ಹತ್ತಿ ನಿಂತೆ. ಐದನೇ ಒಂದು ಪಾಲು ಕುಸಿದು, ಇನ್ನು ನಿನ್ನಿಂದಾಗದು ಎಂಬಂತೆ ನಿಂತುಬಿಟ್ಟಿತು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅನ್ನುತ್ತಾರೆ. ಇವರು ಇರುವೆಗೂ ಆನೆಯ ಸ್ಪ್ರಿಂಗೇ ಹಾಕಿ ಕೊಟ್ಟಿದ್ದರು. ನನ್ನ ತೂಕಕ್ಕೆ ಆ ಸೈಕಲ್ಲಿನಲ್ಲಿ ಬೇಕಾದದ್ದು 250ರ ಹತ್ತಿರದ ಸ್ಪ್ರಿಂಗು.

ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕಂಬಕ್ಕೆ ಒಂದು ಕಪ್ಪು ರಬ್ಬರ್ ಉಂಗುರ ಇರುತ್ತದೆ. ಫೋರ್ಕು ಎಷ್ಟು ಮುದುಡಿತೋ ಅಲ್ಲಿಯವರೆಗೆ ಅದು ಜಾರಿ ನಿಲ್ಲುತ್ತದೆ. ಇಡೀ ದಿನ, ಬೇರು ಕಲ್ಲು ಹಾರುದಿಣ್ಣೆ ಎಲ್ಲ ಮುಗಿಸಿ ಕೆಳಗೆ ಬಂದು ನೋಡಿದರೆ ಉಂಗುರ 130ರಲ್ಲಿ ನಿಂತಿದೆ. ಅದರಾಚೆ ಏಳು ಸೆಂಟಿಮೀಟರ್ ಕಂಬದ ಮೇಲೆ ಬೆಳಗಿನ ಧೂಳು ಹಾಗೇ ಇತ್ತು. 200ರ ಊಟಕ್ಕೆ ಚೀಟಿ ತಗೊಂಡು 130 ತಿಂದು ಎದ್ದಂತಾಯಿತು.

ಹೋಗಲಿ, ಗಾಳಿ ತುಂಬುವ ಫೋರ್ಕಾದರೆ ಪಂಪ್ ಹಿಡಿದು ಒತ್ತಡ ಇಳಿಸಬಹುದು, ಒಳಗಿನ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೆಗೆದು ಕೊನೆಯ ಬಿಗಿತ ಸಡಿಲಿಸಬಹುದು. ಆದರೆ ಮುದುಡಿದ್ದು ಮತ್ತೆ ಬಿಚ್ಚಿಕೊಳ್ಳುವ ವೇಗ, ಅಂದರೆ ರಿಬೌಂಡು, ಭಾರದ ಸ್ಪ್ರಿಂಗಿಗೆಂದು ಹೊಂದಿಸಿದ್ದಾದರೆ, ಹಗುರ ಸ್ಪ್ರಿಂಗಿಗೆ ತಿರುಪನ್ನು ಪೂರ್ತಿ ಬಿಟ್ಟರೂ ನಿಧಾನ. ಮೊದಲ ಕಲ್ಲಿಗೆ ಮುದುಡಿದ್ದು ಮೂರನೇ ಕಲ್ಲು ಬಂದರೂ ಮೈಮುರಿಯುತ್ತಲೇ ಇರುತ್ತದೆ. ಬಿಚ್ಚಿಸಿ ಒಳಗಿನ ವಾಲ್ವು ಬದಲಿಸಬೇಕು. ಆ ಖರ್ಚನ್ನು ಬಜೆಟ್ ಸೈಕಲ್ ಎಂದು ಬರೆದ ಯಾವ ಪುಣ್ಯಾತ್ಮನೂ ಕೂಡಿಸಿರುವುದಿಲ್ಲ.

ಬಜೆಟ್ ಎಂದರೆ ನೆನಪಾಯಿತು. ಈ ಆಟ ಹುಟ್ಟಿದ್ದೇ ಗುಜರಿಯಲ್ಲಿ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದ ಮೇಲೆ ಒಂದಷ್ಟು ಹುಡುಗರು ಸೇರಿ ಯಾರು ಬೇಗ ಕೆಳಗೆ ಮುಟ್ಟುತ್ತಾರೆ ನೋಡೋಣ ಎಂದರು. ಅವರು ತಂದದ್ದು ನಾಲ್ಕು ದಶಕದಷ್ಟು ಹಳೆಯ, ಬೇರೆಯವರು ಬಿಸಾಕಿದ ಶ್ವಿನ್ ಕಂಪನಿಯ ಸೈಕಲ್ಲುಗಳನ್ನು. ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ನಡುವಿನ ಗುಬ್ಬದೊಳಗೆ ಬ್ರೇಕು ಹಿಡಿಯುತ್ತಿತ್ತು. ಮೂರು ಚಿಲ್ಲರೆ ಕಿಲೋಮೀಟರ್ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕು, ‘ರೀಪ್ಯಾಕ್’ ಮಾಡಬೇಕು. ಆ ರೇಸಿಗೆ ಅದೇ ಹೆಸರಾಯಿತು. ಅಲ್ಲಿಂದ ಇಲ್ಲಿಗೆ ನಾವು ಎಷ್ಟು ಮುಂದುವರಿದಿದ್ದೇವೆ ಎಂದರೆ, ಈಗ ಹೊಗೆ ಗ್ರೀಸಿನಿಂದ ಬರುವುದಿಲ್ಲ, ಕೊಳ್ಳುವವನ ಕಿವಿಯಿಂದ ಬರುತ್ತದೆ.

ಕೈಗೆಟುಕುವ ಬೆಲೆ ಎಂದು ಪಟ್ಟು ಹಿಡಿದರೆ ಅಂಗಡಿಯ ಇನ್ನೊಂದು ಮೂಲೆಗೆ ಕರೆದೊಯ್ಯುತ್ತಾರೆ. ಅಲ್ಲಿ ದಪ್ಪ ಟೈರು, ಎರಡೂ ಕಡೆ ಸ್ಪ್ರಿಂಗು, ಫ್ರೇಮಿನ ಮೇಲೆ ಬಂಡೆ ಬಿರುಗಾಳಿಯ ಹೆಸರು. ನೋಡಿದರೆ ಹಿಮಾಲಯವೇ ಸರಿದು ದಾರಿ ಬಿಡಬೇಕು. ಹತ್ತಿರ ಹೋಗಿ ಸೀಟಿನ ಕೆಳಗಿನ ಪೈಪಿನ ಮೇಲೆ ಬೆರಳಗಲದ ಸ್ಟಿಕ್ಕರ್ ಓದಿದೆ: ಈ ಸೈಕಲ್ಲನ್ನು ಕಚ್ಚಾ ದಾರಿಯಲ್ಲಿ ಓಡಿಸಬಾರದು, ಹಾರಿಸಬಾರದು. ಮೌಂಟನ್ ಬೈಕು, ಆದರೆ ಮೌಂಟನ್‌ಗೆ ಒಯ್ಯತಕ್ಕದ್ದಲ್ಲ. ಕೊಡೆಯ ಮೇಲೆ ‘ಮಳೆಗೆ ಬಿಚ್ಚಬೇಡಿ’ ಎಂದು ಬರೆದ ಹಾಗೆ. ಸೈಕಲ್ಲುಗಳ ಬಳಕೆಗೆ ಎಎಸ್‌ಟಿಎಂ ಎಂಬ ಸಂಸ್ಥೆಯ ದರ್ಜೆಗಳಿವೆ. 1 ಎಂದರೆ ಡಾಂಬರು ರಸ್ತೆ, 5 ಎಂದರೆ ಡೌನ್‌ಹಿಲ್. ಹೆಸರಿಡುವವರು ಐದನ್ನು ನೋಡಿ ಇಟ್ಟಿದ್ದಾರೆ, ಬೆಸುಗೆ ಹಾಕಿದವರು ಒಂದನ್ನು ನೋಡಿ ಹಾಕಿದ್ದಾರೆ. ಗಿಡ್ಡರಿಗೆ ಸರಿಹೋಗುವ ಅಳತೆ ಧಾರಾಳವಾಗಿ ಸಿಗುವುದು ಈ ಮೂಲೆಯಲ್ಲೇ ಎಂಬುದನ್ನೂ ಹೇಳಿಬಿಡುತ್ತೇನೆ.

“ಮಕ್ಕಳದ್ದು ತೋರಿಸ್ಲಾ ಸಾರ್?” ಎಂದೂ ಆಯಿತು. “ಲೇಡೀಸ್ ಮಾಡೆಲ್?” ಎಂದೂ ಆಯಿತು. ಅದು ಅದೇ ಫ್ರೇಮು, ಗುಲಾಬಿ ಬಣ್ಣ, ಮೆತ್ತನೆ ಸೀಟು. ಮಹಿಳೆಯರು ಡೌನ್‌ಹಿಲ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಸ್ಪರ್ಧಿಸುತ್ತಿರುವುದು 1990ರಲ್ಲಿ ಅಮೆರಿಕದ ಡ್ಯುರಾಂಗೋದಲ್ಲಿ ನಡೆದ ಕೂಟದಿಂದ. ಅಷ್ಟು ವರ್ಷದಿಂದ ಬಂದವರಿಗೂ ಕೊಟ್ಟದ್ದು ಬಣ್ಣವೇ ಎಂದಮೇಲೆ ನನ್ನಂಥವನದೇನು.

ಕಡೆಗೆ ನನ್ನ ಸೈಕಲ್ಲು ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ. ಸತ್ತಿತು ಎನ್ನುವ 26 ಇಂಚಿನದು, ಸ್ಮಾಲ್ ಎಂದು ಬರೆದದ್ದು ನಿಜಕ್ಕೂ ಸ್ಮಾಲ್ ಆಗಿದ್ದ ಕಾಲದ್ದು. ತಿಂಗಳುಗಟ್ಟಲೆ ಯಾರೂ ಕೇಳಿರಲಿಲ್ಲವಂತೆ. “ನಿಮ್ಮ ಸೈಜಿಗೆ ಗಿರಾಕಿಯೇ ಇಲ್ಲ” ಎಂದು ಇಷ್ಟು ದಿನ ನನ್ನನ್ನು ಹೊರಗಟ್ಟಿದ ಮಾತನ್ನೇ ನಾನು ಮಾರುವವನ ಮುಂದಿಟ್ಟು ಚೌಕಾಸಿ ಮಾಡಿದೆ. ಬೆಲೆ ತಾನಾಗಿ ಕೈಗೆ ಇಳಿಯಿತು. ಬೆಸುಗೆಗಳ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ, ಹಿಂದಿನ ಚಕ್ರ ಹಿಡಿದು ಅಲುಗಾಡಿಸಿ ಬೇರಿಂಗು ಸವೆದಿದೆಯೇ ನೋಡಿದೆ. ಸವೆದಿತ್ತು. ಬದಲಿಸಿದೆ. 250ರ ಸ್ಪ್ರಿಂಗು ಹಾಕಿದೆ.

ಬ್ರೇಕಿನ ಹಿಡಿ ಬೆರಳಿಗೆ ಸಿಗುತ್ತಿರಲಿಲ್ಲ. ಹಿಡಿಯ ಬುಡದಲ್ಲಿ ಸಾಸಿವೆ ಗಾತ್ರದ ಒಂದು ತಿರುಪಿದೆ. ಪುಟ್ಟ ಅಲೆನ್ ಕೀಲಿಯಿಂದ ನಾಲ್ಕು ಸುತ್ತು ತಿರುಗಿಸಿದರೆ ಹಿಡಿ ಹ್ಯಾಂಡಲ್ಲಿನ ಹತ್ತಿರಕ್ಕೆ ಬರುತ್ತದೆ. ಎರಡು ನಿಮಿಷದ ಕೆಲಸ. ಒಗ್ಗಿಕೊಳ್ಳುತ್ತೆ ಎಂದ ಒಬ್ಬನೂ ಆ ತಿರುಪನ್ನು ಮುಟ್ಟಿರಲಿಲ್ಲ. 800 ಮಿಲಿಮೀಟರ್ ಹ್ಯಾಂಡಲ್ಲನ್ನು ಆಚೆ ಮೂವತ್ತು ಈಚೆ ಮೂವತ್ತು ಗರಗಸದಿಂದ ಕೊಯ್ದು 740ಕ್ಕೆ ಇಳಿಸಿದೆ. ಕೊಯ್ದ ಎರಡು ತುಂಡುಗಳು ಮೇಜಿನ ಮೇಲಿವೆ. ಒಂದರಲ್ಲಿ ಪೆನ್ಸಿಲ್ ನಿಲ್ಲಿಸಿದ್ದೇನೆ.

ಮೊನ್ನೆ ಗುಡ್ಡದ ಬುಡದಲ್ಲಿ ಆರಡಿಯ ಒಬ್ಬರು ನನ್ನ ಸೈಕಲ್ಲನ್ನು ಆಸೆಯಿಂದ ನೋಡಿದರು. “ಒಂದು ರೌಂಡ್ ಕೊಡ್ತೀರಾ ಸಾರ್?” ಎಂದರು. ಕೊಟ್ಟೆ. ಹತ್ತಿದರು. ಮೊದಲ ತಿರುವಿಗೇ ಮಂಡಿ ಹ್ಯಾಂಡಲ್ಲಿಗೆ ಬಡಿಯಿತು, ಸ್ಪ್ರಿಂಗು ತಳ ಮುಟ್ಟಿ ‘ಧಡ್’ ಎಂದಿತು. ಹತ್ತು ಮಾರು ಹೋದವರು ಇಳಿದು, ಮಂಡಿ ಉಜ್ಜಿಕೊಂಡು, “ಇದನ್ನ ಯಾರಿಗೆ ಅಂತ ಮಾಡಿದ್ದಾರ್ರೀ?” ಎಂದು ಸಿಡುಕಿದರು.

ನಾನು ತುದಿಗಾಲಲ್ಲಿ ನಿಂತು ಅವರ ಹೆಗಲು ತಟ್ಟಿದೆ.

“ಓಡಿಸ್ತಾ ಓಡಿಸ್ತಾ ಒಗ್ಗಿಕೊಳ್ಳುತ್ತೆ ಸಾರ್.”