ಸೊನ್ನೆ ಬಿಡಿ, ಮಾವ

ಮೈಸೂರು ಬಸ್ ಸ್ಟ್ಯಾಂಡಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರಡುವ ಫ್ಲೈಬಸ್ಸಿನ ಬಾಗಿಲ ಬಳಿ ಒಂದು ಪ್ರಶ್ನೆ ದಿನಾ ಕೇಳಿಸುತ್ತದೆ. "ಅಲ್ಲಿ ನನ್ನ ಫೋನು ನಡೆಯತ್ತೇನಪ್ಪಾ?" ವೀಸಾ ಬಂದು ತಿಂಗಳುಗಳಾಗಿರುತ್ತವೆ. ಚಟ್ನಿಪುಡಿ, ಹುಳಿಪುಡಿ, ಮೊಮ್ಮಗುವಿಗೆ ಬೆಳ್ಳಿ ಲೋಟ ಎಲ್ಲವನ್ನೂ ಮೂರು ಸಲ ತೂಗಿ, ಪೆಟ್ಟಿಗೆಯನ್ನು 23 ಕೆಜಿಗೆ ತಂದು, ಹಗ್ಗ ಬಿಗಿದು, ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಾಗಿರುತ್ತದೆ. ಫೋನಿನ ನೆನಪು ಬರುವುದು ಮಾತ್ರ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ ಮೇಲೆ. ಕಳಿಸಿಕೊಡಲು ಬಂದ ಅಳಿಯ ಆಗ ಕೊಡುವ ಉತ್ತರ ಕೇಳಿದರೆ ಮೈ ಉರಿಯುತ್ತದೆ. "ಅಲ್ಲೆಲ್ಲ ವೈಫೈ ಇರತ್ತೆ ಬಿಡಿ, ಮಾವ."

ಇರುತ್ತದೆ, ಇಲ್ಲ ಅಂದವರು ಯಾರು? ಆದರೆ ಎಷ್ಟೋ ವಿಮಾನ ನಿಲ್ದಾಣಗಳ ಬಿಟ್ಟಿ ವೈಫೈ ಮೊದಲು ಮೊಬೈಲ್ ನಂಬರು ಕೇಳಿ, ಅದಕ್ಕೊಂದು ಓಟಿಪಿ ಕಳಿಸುತ್ತದೆ. ಓಟಿಪಿ ಬರಲು ಸಿಗ್ನಲ್ ಬೇಕು. ಸಿಗ್ನಲ್ ಇಲ್ಲ ಅಂತಲೇ ತಾನೇ ವೈಫೈ ಹತ್ತಿರ ಕೈ ಚಾಚಿದ್ದು? ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಇನ್ನು ಚೀನಾಕ್ಕೆ ಹೋದವರಿಗೆ ಹೋಟೆಲಿನ ವೈಫೈ ಸಿಕ್ಕರೂ ಅದರಲ್ಲಿ ವಾಟ್ಸಾಪೂ ಇಲ್ಲ, ಗೂಗಲ್ಲೂ ಇಲ್ಲ. ಅದೇ ನಮ್ಮ ಸಿಮ್ಮಿನ ರೋಮಿಂಗ್ ಡೇಟಾ ಇದ್ದರೆ ಎರಡೂ ಸಿಗುತ್ತವೆ. ಆ ಡೇಟಾ ಮೊದಲು ಇಂಡಿಯಾಕ್ಕೆ ಬಂದು, ಇಲ್ಲಿಂದ ಲೋಕಕ್ಕೆ ಹೋಗುತ್ತದೆ. ಅಳಿಯಂದಿರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಬಸ್ಸು ಬೇಗ ಹೊರಟರೆ ಸಾಕು ಅವರಿಗೆ.

ಊರಿನ ಸಿಮ್ಮು ಕಳೆದುಹೋದೀತೆಂದು ಅದನ್ನು ಕಿತ್ತು, ದೇವರ ಮನೆಯ ಕುಂಕುಮದ ಭರಣಿಯಲ್ಲಿಟ್ಟು ಹೋಗುವವರಿದ್ದಾರೆ. ಬ್ಯಾಂಕಿನ ಓಟಿಪಿಯೆಲ್ಲ ಆ ಭರಣಿಗೇ ಬರಬೇಕು. ಸಿಮ್ಮು ಫೋನಿನೊಳಗೇ ಇರಲಿ. ಹೊರಡುವ ಮುಂಚೆ ಕಂಪನಿಯ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಬೇಕು. ಅಲ್ಲಿ ಇಳಿದ ಮೇಲೆ ಮಾಡಿಸುತ್ತೇನೆ ಅಂದರೆ ಅದಕ್ಕೂ ಓಟಿಪಿ ಕೇಳಿದರೆ ಗತಿಯೇನು? ಸೇವೆ ಚಾಲೂ ಇದ್ದರೆ ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಬರುವ ಕರೆಯನ್ನು ಎತ್ತಿದರೆ ಮಾತ್ರ ಉಂಟು. ಕಾಲ್ ಫಾರ್ವರ್ಡ್ ಹಾಕಿಟ್ಟಿದ್ದರೆ ಎತ್ತದ ಕರೆಗೂ ದುಡ್ಡು ಬೀಳಬಹುದು, ಹಾಗಾಗಿ ##002# ಒತ್ತಿ ಅದನ್ನು ತೆಗೆದುಬಿಡುವುದು ಕ್ಷೇಮ. ಆರು ತಿಂಗಳು ಮಗಳ ಮನೆಯಲ್ಲಿ ಇರುವವರ 28 ದಿನದ ರೀಚಾರ್ಜು ನಡುವೆಯೇ ಮುಗಿಯುತ್ತದೆ. ಅದನ್ನು ನೆನಪಿಟ್ಟು ಹಾಕಿಸುವ ಜವಾಬ್ದಾರಿ ಅಳಿಯನ ತಲೆಗೇ ಕಟ್ಟಬೇಕು. ವೈಫೈ ಅಂದದ್ದಕ್ಕೆ ಅಷ್ಟಾದರೂ ಆಗಲಿ.

ಇಂಟರ್‌ನೆಟ್ಟಿಗೆ ಇ-ಸಿಮ್ ಅಗ್ಗ. ಅಂದರೆ ಕೈಯಲ್ಲಿ ಹಿಡಿಯುವ ಚಿಪ್ಪಿಲ್ಲದೆ, ಕೋಡಿನಿಂದಲೇ ಫೋನಿಗೆ ಇಳಿಸಿಕೊಳ್ಳುವ ಸಿಮ್ಮು. ನಮ್ಮ ಫೋನಿಗೆ ಅದು ಹತ್ತುತ್ತದೋ ಇಲ್ಲವೋ ತಿಳಿಯಲು *#06# ಒತ್ತಿದರೆ ಸಾಕು. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಅಂತ 32 ಅಂಕಿಯ ಸಂಖ್ಯೆಯೊಂದು ಕಂಡರೆ ಹತ್ತುತ್ತದೆ. ಇ-ಸಿಮ್ ಕೊಂಡರೆ ಅದನ್ನು ಹಾಕಿಕೊಳ್ಳುವ ಕ್ಯೂಆರ್ ಕೋಡು ಇಮೇಲಿನಲ್ಲಿ ಅದೇ ಫೋನಿಗೆ ಬಂದು ಕೂತಿರುತ್ತದೆ. ತನ್ನ ಬೆನ್ನು ತಾನೇ ನೋಡಿಕೊಳ್ಳಲು ಕ್ಯಾಮೆರಾಕ್ಕೆ ಆಗುವುದಿಲ್ಲವಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿ, ಮನೆಯ ವೈಫೈನಲ್ಲೇ ಕೂತು ಹಾಕಿಕೊಳ್ಳಬೇಕು. ಆಮೇಲೆ 'ಇದೇನೋ ಗೊತ್ತಿಲ್ಲದ್ದು' ಅಂತ ಅಳಿಸಬಾರದು. ಬಹಳಷ್ಟು ಕೋಡುಗಳು ಒಂದೇ ಸಲಕ್ಕೆ. ಅಲ್ಲಿ ಇಳಿದ ಮೇಲೆ ಊರಿನ ಸಿಮ್ಮಿನ ಡೇಟಾ ರೋಮಿಂಗ್ ಮುಚ್ಚಿರಲಿ, ಇ-ಸಿಮ್ಮಿನದು ತೆರೆದಿರಲಿ. ಇದನ್ನು ತಿರುಗಾ ಮುರುಗಾ ಮಾಡಿಕೊಂಡು 'ಇ-ಸಿಮ್ಮು ಮೋಸ' ಎಂದು ಬೈಯುವವರೇ ಹೆಚ್ಚು. ಪ್ರವಾಸಿಗಳಿಗೆ ಮಾರುವ ಇ-ಸಿಮ್ಮು ಸಾಧಾರಣವಾಗಿ ಬೇರೊಂದು ದೇಶದ್ದು. ಅಲ್ಲಿ ಅದೂ ನಮ್ಮ ಹಾಗೆ ನೆಂಟನೇ, ಹಾಗಾಗಿ ರೋಮಿಂಗ್ ಅದಕ್ಕೂ ಬೇಕು. ವಾಟ್ಸಾಪು ನಂಬರು ಬದಲಿಸಲೇ ಎಂದು ಕೇಳಿದರೆ ಬೇಡ ಅನ್ನಿ. ಹಳೆಯ ನಂಬರಿನಲ್ಲೇ ನಡೆಯುತ್ತದೆ.

ಇಷ್ಟೆಲ್ಲ ಮಾಡಿಕೊಂಡು ಹೋದವರೂ ಎಡವುವುದು ಒಂದು ಸೊನ್ನೆಗೆ.

ಮನೆಯ ಲ್ಯಾಂಡ್‌ಲೈನನ್ನು ನಮ್ಮವರು ಫೋನಿನಲ್ಲಿ ಸೇವ್ ಮಾಡಿಟ್ಟಿರುವುದು 0821 ಎಂದು. ಮೈಸೂರಿನ ಕೋಡು ಏನೆಂದು ಯಾರನ್ನೇ ಕೇಳಿ, ಸೊನ್ನೆ ಎಂಟು ಎರಡು ಒಂದು ಅಂತ ರಾಗವಾಗಿ ಹೇಳುತ್ತಾರೆ. ತಪ್ಪು. ಮೈಸೂರಿನ ಕೋಡು 821. ಬೆಂಗಳೂರಿನದು 80, ಮಂಡ್ಯದ್ದು 8232. ಕೋಡೂ ನಂಬರೂ ಸೇರಿ ಹತ್ತು ಅಂಕಿ ಆಗಬೇಕೆಂಬುದು ಲೆಕ್ಕ. ಬೆಂಗಳೂರಿನದು ಎರಡಕ್ಕೆ ಎಂಟು, ಮೈಸೂರಿನದು ಮೂರಕ್ಕೆ ಏಳು, ಮಂಡ್ಯದ್ದು ನಾಲ್ಕಕ್ಕೆ ಆರು. ಫೋನು ಕಡಿಮೆ ಇದ್ದ ಊರಿಗೆ ಕೋಡು ಉದ್ದ. ಇದನ್ನು ಮಂಡ್ಯದಲ್ಲಿ ನಿಂತು ಹೇಳದಿರುವುದು ಒಳ್ಳೆಯದು.

ಹಾಗಾದರೆ ಮುಂದಿನ ಸೊನ್ನೆ ಯಾರದು? ಅದು ಊರ ಬಾಗಿಲು. 'ಈ ಕರೆ ಊರ ಹೊರಗೆ ಹೋಗುತ್ತದೆ' ಎಂದು ಎಕ್ಸ್‌ಚೇಂಜಿಗೆ ಹೇಳುವ ಗುರುತು, ಅಷ್ಟೇ. ಅದಕ್ಕೂ ಮುಂಚೆ ಟ್ರಂಕ್ ಕಾಲ್ ಬುಕ್ ಮಾಡಿ, ಅರ್ಧ ದಿನ ಫೋನಿನ ಮುಂದೆ ಕೂತು, ಆಪರೇಟರ್ ಕರೆದಾಗ ಹೇಳಬೇಕಾದ್ದು ಮರೆತುಹೋಗುತ್ತಿದ್ದ ಕಾಲ. ಆಪರೇಟರ್ ಇಲ್ಲದೆ ನಾವೇ ತಿರುಗಿಸುವ ಎಸ್‌ಟಿಡಿ 1960ರಲ್ಲಿ ಮೊದಲು ಶುರುವಾದದ್ದು ಕಾನ್ಪುರ ಮತ್ತು ಲಖನೌ ನಡುವೆ. ನಮ್ಮ ಕಡೆಗೆ ಅದು ಬಂದು, ಬೀದಿಬೀದಿಗೆ ಹಳದಿ ಬೋರ್ಡಿನ ಬೂತುಗಳೆದ್ದು, ರಾತ್ರಿ ರೇಟು ಇಳಿಯಲಿ ಎಂದು ಜನ ಸಾಲು ನಿಂತು, ಆ ಬೂತುಗಳು ಕೊನೆಗೆ ಜೆರಾಕ್ಸ್ ಅಂಗಡಿಗಳಾದರೂ, ಸೊನ್ನೆ ಮಾತ್ರ ಡೈರಿಗಳಲ್ಲಿ ಉಳಿಯಿತು. ಡೈರಿಯಿಂದ ಮೊಬೈಲಿಗೂ ಇಳಿಯಿತು. ಸಾಲದ್ದಕ್ಕೆ 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗಲೂ ಮುಂದೆ ಸೊನ್ನೆ ಹಾಕಬೇಕೆಂದು ಸರ್ಕಾರವೇ ಹೇಳಿತು. ಒಮ್ಮೆ ಅಂಟಿದ ಸೊನ್ನೆ ಬಿಡುವುದುಂಟೆ?

ದೇಶದ ಹೊರಗೆ ನಿಂತವನಿಗೆ ಊರ ಬಾಗಿಲಿನಿಂದ ಉಪಯೋಗವಿಲ್ಲ. ಅವನು ದಾಟಬೇಕಾದ್ದು ದೇಶದ ಬಾಗಿಲು. ಅದಕ್ಕೆ ಯುರೋಪಿನ ಬಹುತೇಕ ಕಡೆ 00, ಅಮೆರಿಕದಲ್ಲಿ 011, ಜಪಾನಿನಲ್ಲಿ 010, ಆಸ್ಟ್ರೇಲಿಯದಲ್ಲಿ 0011. ಇಷ್ಟನ್ನೂ ನೆನಪಿಡುವ ಬದಲು ಇರುವುದೇ ಪ್ಲಸ್ ಗುರುತು. 'ಈ ದೇಶದ ಬಾಗಿಲು ಯಾವುದೋ ಅದನ್ನು ನೀನೇ ತೆಗೆ' ಎಂದು ನೆಟ್‌ವರ್ಕಿಗೆ ಹೇಳಿದ ಹಾಗೆ. ಪ್ಲಸ್ ಆದ ಮೇಲೆ 91. ಪಾಕಿಸ್ತಾನ 92, ಅಫ್ಘಾನಿಸ್ತಾನ 93, ಶ್ರೀಲಂಕಾ 94, ಮ್ಯಾನ್ಮಾರ್ 95, ಎಲ್ಲರೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದಾರೆ. ಆಮೇಲೆ 821. ನಡುವೆ ಸೊನ್ನೆ ತುರುಕಿದರೆ ಕರೆ ಹೋಗುವುದಿಲ್ಲ. ಆ ಪ್ಲಸ್ ಇರುವುದಾದರೂ ಎಲ್ಲಿ? ಸೊನ್ನೆಯ ಕೆಳಗೆ! ಸೊನ್ನೆಯನ್ನು ಒತ್ತಿಹಿಡಿದರೆ ಪ್ಲಸ್ ಬರುತ್ತದೆ. ಬಿಡಬೇಕಾದ್ದನ್ನೇ ಹಿಡಿದುಕೋ ಅಂದರೆ ವಯಸ್ಸಾದವರು ಏನು ಮಾಡಬೇಕು?

ಸೊನ್ನೆಯ ಜೊತೆ 91ನ್ನೂ ಬಿಟ್ಟವರ ಪಾಡು ಬೇರೆ. ಅಮೆರಿಕದ ನಂಬರಿಗೂ ನಮ್ಮ ಹಾಗೆ ಹತ್ತೇ ಅಂಕಿ. 98450 ಎಂದು ಶುರುವಾಗುವ ನಮ್ಮ ಮೊಬೈಲ್ ನಂಬರುಗಳು ಎಷ್ಟಿಲ್ಲ! ಅಲ್ಲಿ 984 ಎಂದರೆ ನಾರ್ತ್ ಕೆರೊಲಿನಾದ ರಾಲಿ ಸುತ್ತಮುತ್ತಲಿನ ಕೋಡು. ಅಲ್ಲಿಯ ಸಿಮ್ಮಿನಿಂದ ಬರೀ ಹತ್ತಂಕಿ ಒತ್ತಿ ಕುವೆಂಪುನಗರದ ತಂಗಿಗೆ ಹಬ್ಬದ ಶುಭಾಶಯ ಹೇಳಹೊರಟರೆ, ಅದನ್ನು ರಾಲಿಯ ಯಾವನೋ ಪುಣ್ಯಾತ್ಮ ಕೇಳಿಸಿಕೊಳ್ಳಬೇಕಾದೀತು.

ಎಲ್ಲ ದೇಶದವರೂ ಒಂದೇ ರೀತಿ ಇದ್ದಾರೆಯೇ ಅಂದರೆ ಅದೂ ಇಲ್ಲ. ರಷ್ಯಾದಲ್ಲಿ ಊರ ಬಾಗಿಲು ಸೊನ್ನೆಯಲ್ಲ, 8. ಅಮೆರಿಕದಲ್ಲಿ ಊರ ಬಾಗಿಲೂ 1, ದೇಶದ ಕೋಡೂ 1. ಇಟಲಿಯವರದು ಇನ್ನೂ ಅನ್ಯಾಯ. ಅವರು ಸೊನ್ನೆಯನ್ನು ನಂಬರಿನೊಳಗೇ ಸೇರಿಸಿಕೊಂಡುಬಿಟ್ಟಿದ್ದಾರೆ. ರೋಮಿನ ಲ್ಯಾಂಡ್‌ಲೈನಿಗೆ ಜಗತ್ತಿನ ಯಾವ ಮೂಲೆಯಿಂದ ಮಾಡಿದರೂ +39 06 ಅನ್ನಲೇಬೇಕು. ಬಿಟ್ಟರೆ ಹತ್ತುವುದಿಲ್ಲ. ಲೋಕವೆಲ್ಲ ಸೊನ್ನೆ ಬಿಡಿ ಅಂತ ಕಲಿಸಿ ಕಲಿಸಿ ಗಂಟಲು ಒಣಗಿಸಿಕೊಂಡವರು ಇಟಲಿಯ ಹೆಸರೆತ್ತಿದರೆ ಸಿಡುಕದೆ ಇನ್ನೇನು ಮಾಡುತ್ತಾರೆ?

ಹೊರಡುವ ವಾರ ಒಂದು ಸಂಜೆ ಕೂತು, ಬೇಕಾದ ಇಪ್ಪತ್ತು ನಂಬರುಗಳನ್ನು +91 ಹಾಕಿ ತಿದ್ದಿಟ್ಟರೆ ಈ ಗೋಳಿಲ್ಲ. ಊರಲ್ಲಿದ್ದಾಗಲೂ ಅವು ಹಾಗೇ ನಡೆಯುತ್ತವೆ, ವಾಪಸು ಬಂದು ಬದಲಿಸಬೇಕಾಗಿಲ್ಲ. ಆದರೆ ಯಾರೂ ಕೂರುವುದಿಲ್ಲ. ಆ ಸಂಜೆ ಹಪ್ಪಳದ ಪೊಟ್ಟಣಕ್ಕೆ ಇನ್ನೊಂದು ಸುತ್ತು ಟೇಪು ಹಾಕುವುದಿರುತ್ತದೆ.

ಚಾರ್ಜರಿನ ವಿಷಯ ಚಿಕ್ಕದು. ಅದರ ಬೆನ್ನ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ಎಲ್ಲಿಗಾದರೂ ಒಯ್ಯಬಹುದು, ಪಿನ್ನಿಗೆ ಅಡಾಪ್ಟರ್ ಒಂದಿದ್ದರಾಯಿತು. ಲಂಡನ್ನಿಗೂ ಸಿಂಗಪುರಕ್ಕೂ ಮೂರು ಚೌಕ ಪಿನ್ನು, ಅಮೆರಿಕಕ್ಕೆ ಎರಡು ಚಪ್ಪಟೆ. ಅದೇ ಧೈರ್ಯದಲ್ಲಿ 230 ವೋಲ್ಟಿನ ಮಿಕ್ಸಿ ಹೊತ್ತುಕೊಂಡು ಹೋಗಬೇಡಿ, ಅಮೆರಿಕದ 120 ವೋಲ್ಟಿಗೆ ಅದು ದೋಸೆ ಹಿಟ್ಟು ರುಬ್ಬುವುದಿಲ್ಲ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. 100 ವಾಟ್-ಅವರ್ ಒಳಗಿದ್ದರೆ ತಕರಾರಿಲ್ಲ, 20,000 ಎಂಎಎಚ್‌ನದು 74 ಆಗುತ್ತದೆ. ಅದನ್ನು ಹಗ್ಗ ಬಿಗಿದ ಆ 23 ಕೆಜಿ ಪೆಟ್ಟಿಗೆಯೊಳಗೆ ಹಾಕಿದ್ದರೆ ವಿಮಾನ ನಿಲ್ದಾಣದಲ್ಲಿ ಹಗ್ಗ ಬಿಚ್ಚಬೇಕು. ಚಟ್ನಿಪುಡಿ ಸಮೇತ.

ಫ್ಲೈಬಸ್ಸಿನ ಬಾಗಿಲು ಮುಚ್ಚುತ್ತದೆ. ಅಳಿಯನಿಗೂ ಅಷ್ಟು ಹೊತ್ತಿಗೆ ಯಾರೋ ಸೊನ್ನೆಯ ವಿಷಯ ಹೇಳಿರುತ್ತಾರೆ. ಹೊರಗಿನಿಂದಲೇ ಕೂಗುತ್ತಾನೆ, "ಮಾವಾ, ಮನೆಗೆ ಮಾಡುವಾಗ ಸೊನ್ನೆ ಬಿಡಿ!" ಗಾಜಿನ ಹಿಂದೆ ಮಾವನ ಬಾಯಿ ಆಡುವುದು ಕಾಣುತ್ತದೆ, ದನಿ ಕೇಳುವುದಿಲ್ಲ. ಬಸ್ಸು ತಿರುವು ದಾಟುವ ಹೊತ್ತಿಗೆ ಅಳಿಯನ ಫೋನು ಹೊಡೆದುಕೊಳ್ಳುತ್ತದೆ.

"ಯಾವ ಸೊನ್ನೆನೋ? ನಮ್ಮನೆ ನಂಬರಲ್ಲಿ ಮೂರಿದೆ."